ಆಕಾಶಕ್ಕೆ ಹಾಕಿದ ಟವಲು

ಬಾಳಿಗರು ಮೊದಲ ಸಲ ನಮ್ಮೂರಿಗೆ ಬಂದದ್ದು ಬಸ್ಸಿನಲ್ಲಿ, ಮೂರು ಗಂಟೆ ನಿಂತುಕೊಂಡು. ಸೀಟು ಇರಲಿಲ್ಲ ಅಂತಲ್ಲ. ಕಿಟಕಿ ಪಕ್ಕದ ಸೀಟು ಖಾಲಿಯೇ ಇತ್ತು, ಅದರ ಮೇಲೆ ನಮ್ಮೂರಿನ ಟವಲು ಬಿದ್ದಿತ್ತು. ಅವರು ಓದಿದವರು, ಉಪಗ್ರಹದ ಆಫೀಸಿನಲ್ಲಿ ಕೆಲಸ, ಟವಲನ್ನು ಎತ್ತಿ ಪಕ್ಕಕ್ಕಿಡಲು ಹೋದರು. ಅದು ಏಳಲಿಲ್ಲ. ಹಾಳಾಗಲಿ ಅಂತ ಅದರ ಮೇಲೆಯೇ ಕೂತರು. ಕೂತೆ ಅಂದುಕೊಂಡು ನೋಡಿದರೆ ನಿಂತಿದ್ದರು. ಇನ್ನೊಂದು ಸಲ ಕೂತರು, ಮತ್ತೂ ನಿಂತಿದ್ದರು. ಕಂಡಕ್ಟರು ಟಿಕೆಟ್ಟಿನಿಂದ ತಲೆ ಎತ್ತದೆ, "ಸಾರ್, ಅದು ಹಿಡಿದಿರೋ ಜಾಗ. ಸುಮ್ನೆ ಯಾಕೆ ಸುಸ್ತಾಗ್ತೀರಿ, ಕಂಬಿ ಹಿಡ್ಕೊಳ್ಳಿ" ಅಂದ.

ಆ ಟವಲು ಹಾಕಿದವನು ನಮ್ಮ ದಸ್ತಗೀರ, ಬಸ್‌ಸ್ಟ್ಯಾಂಡಿನಲ್ಲಿ ಹೋಟೆಲು ಇಟ್ಟವನು. ಪೇಟೆಯಲ್ಲಿ ಸೀಟು ಹಿಡಿದು, ಬನ್ನು ತರಲು ಇಳಿದು, ಬಸ್ಸು ತಪ್ಪಿಸಿಕೊಂಡಿದ್ದ. ಅವನ ಪಾಡು ಬಾಳಿಗರ ಪಾಡಿಗಿಂತ ಕೆಟ್ಟದು. ಹಿಡಿದ ಜಾಗದಲ್ಲಿ ಹೋಗಿ ಕೂರುವವರೆಗೆ ಹಿಡಿದವನಿಗೆ ಬೇರೆಲ್ಲೂ ಕೂರಲಾಗುವುದಿಲ್ಲ. ಇಲ್ಲವೇ "ಜಾಗ ಬಿಟ್ಟೆ" ಅಂತ ಬಾಯಿಬಿಟ್ಟು ಹೇಳಬೇಕು. ದಸ್ತಗೀರ ಹೇಳಲಿಲ್ಲ. ಮಾರನೆಯ ದಿನ ಅದೇ ಬಸ್ಸು ಬರುವವರೆಗೆ ನಿಂತೇ ಇದ್ದ. ಬಂದ ಮೇಲೆ ಹತ್ತಿ, ಆ ಸೀಟಿನಲ್ಲಿ ಎರಡು ನಿಮಿಷ ಕೂತು, ಟವಲು ಹೆಗಲಿಗೆ ಹಾಕಿಕೊಂಡು ಇಳಿದ. ಕಿಟಕಿ ಪಕ್ಕದ ಸೀಟನ್ನು ಯಾರಾದರೂ ಬಾಯಿಮಾತಿನಲ್ಲಿ ಬಿಡುತ್ತಾರೆಯೇ.

ಇದು ಯಾಕೆ ಹೀಗೆ ಅಂತ ಕೇಳಬೇಡಿ. ನಿಮ್ಮೂರಿನ ಬೆಂಕಿ ಯಾಕೆ ಸುಡುತ್ತದೆ ಅಂತ ನಾನು ಕೇಳಿದ್ದೇನೆಯೇ. ನಮ್ಮೂರಿನ ಮಗ್ಗದಲ್ಲಿ ನೇಯ್ದ ಹೊಸ ಟವಲಿನಲ್ಲಿ ಮೊದಲು ಯಾರು ಮುಖ ಒರೆಸಿಕೊಳ್ಳುತ್ತಾರೋ ಟವಲು ಅವರದು. ಹಾಸುವುದನ್ನು ಯಾರ ಕೈಲಾದರೂ ಮಾಡಿಸಬಹುದು, ಎತ್ತುವುದು ಮಾತ್ರ ಒಡೆಯನ ಕೈ. ಜಾಗ ಹಿಡಿದವನು ನಿಲ್ಲಬಹುದು, ಮಲಗಬಹುದು, ಕುಕ್ಕರಗಾಲಲ್ಲಿ ಇರಬಹುದು. ಅದಕ್ಕೂ ಬಿಡದಿದ್ದರೆ ಬೆಳಗಿನ ಕೆಲಸ ನಡೆಯುವುದು ಹೇಗೆ. ಕುಂಡಿ ಊರಿ ಕೂರುವಂತಿಲ್ಲ, ಅಷ್ಟೇ. ಹಿಂದೆ ಟೂರಿಂಗ್ ಟಾಕೀಸಿನ ಮುಂದಿನ ಬೆಂಚಿಗೆ ಟವಲು ಹಾಕಿ ಸೋಡಾ ಕುಡಿಯಲು ಹೋದ ತಿಪ್ಪಯ್ಯ ಅಂಗಡಿಯ ಮುಂದೆಯೇ ಎದೆ ಹಿಡಿದುಕೊಂಡು ಸತ್ತ. ಟಾಕೀಸು ಎತ್ತಂಗಡಿಯಾಯಿತು. ಆ ಬೆಂಚು ಪಂಚಾಯಿತಿ ಆಫೀಸಿಗೆ ಬಂತು. ಹನ್ನೊಂದು ವರ್ಷದಿಂದ ಅದರಲ್ಲಿ ಒಬ್ಬರೂ ಕೂತಿಲ್ಲ. ಫೈಲು ಇಡುತ್ತಾರೆ.

ಇನ್ನೊಂದು ಮಾತು ಹೇಳಬೇಕು, ಹೇಳಲು ನನಗೆ ಇಷ್ಟವಿಲ್ಲ. ಟವಲು ಹಾಕುವುದು ಗಂಡಸರ ಕೆಲಸವಾಗಿತ್ತು. ಹೆಂಗಸರು ಮಿಕ್ಕ ಜಾಗದಲ್ಲಿ ಕೂರುತ್ತಿದ್ದರು, ಮಿಗದಿದ್ದರೆ ನಿಲ್ಲುತ್ತಿದ್ದರು. ಹಾಗೆ ಅಂತ ಯಾರೂ ಬರೆದಿಟ್ಟಿರಲಿಲ್ಲ. ಯಾಕೆ ಹಾಗೆ ಅಂತ ಯಾರೂ ಕೇಳಿರಲೂ ಇಲ್ಲ.

ನನ್ನ ಹೆಂಡತಿ ಚೆನ್ನಾಜಮ್ಮ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನೇಯುವವಳು. ನಾನು ಅವಳು ನೇಯ್ದದ್ದನ್ನು ಸಂತೆಗೆ ಹೊತ್ತು ಮಾರುವವನು, ಅಂದರೆ ಮಾತಾಡುವವನು. ನಮ್ಮದು ಕುಣಿಮಗ್ಗ. ನೆಲದಲ್ಲಿ ಒಂದು ಗುಂಡಿ, ಗುಂಡಿಯ ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಟ್ಟು ತುಳಿಯಬೇಕು. ಹದಿನೇಳನೆಯ ವಯಸ್ಸಿಗೆ ನಮ್ಮ ಮನೆಗೆ ಬಂದ ಮಾರನೆಯ ದಿನ ಆ ಅಂಚಿನಲ್ಲಿ ಕೂತವಳು, ಹಬ್ಬ ಹೆರಿಗೆ ಬಿಟ್ಟರೆ ಎದ್ದದ್ದು ಕಡಿಮೆ. ಅಂಚಿನ ಕಲ್ಲು ಅವಳ ಅಳತೆಗೆ ಸವೆದಿತ್ತು.

ಆ ಬಸ್ಸಿನ ಪ್ರಯಾಣವಾಗಿ ಆರು ವರ್ಷಕ್ಕೆ ಬಾಳಿಗರು ಮತ್ತೆ ಬಂದರು. ಈ ಸಲ ಜೀಪಿನಲ್ಲಿ. ದಸ್ತಗೀರನ ಹೋಟೆಲಿನ ಮುಂದೆ ಇಳಿದರು, ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು. ಊರಿನವರೆಲ್ಲ ಸೇರಿದೆವು. ಅವರು ಕಡಲ ಕಡೆಯವರು, ಅವರ ಮಾತೇ ಬೇರೆ.

"ನೋಡಿ ಮಾರಾಯ್ರೆ" ಅಂದರು. "ಇಡೀ ದೇಶದ ಟೀವಿ, ಗಾಳಿಮಳೆಯ ಸುದ್ದಿ, ಹಡಗಿನವರ ಮಾತು, ಎಲ್ಲವನ್ನೂ ಹೊರುವ ಉಪಗ್ರಹ ಒಂದು ಇತ್ತಲ್ಲ, ಅದು ಮುಗಿಯಿತು. ಅದರಲ್ಲಿದ್ದ ಇಂಧನ ತೀರಿತು. ಭೂಮಿ ತಿರುಗುವ ಲೆಕ್ಕಕ್ಕೇ ತಿರುಗುತ್ತಿತ್ತು ಅದು, ಹಾಗಾಗಿ ಕೆಳಗಿನಿಂದ ನೋಡಿದರೆ ನಿಂತಲ್ಲೇ ನಿಂತ ಹಾಗೆ. ಹಾಗೆ ನಿಲ್ಲಲಿಕ್ಕೆ ಆಗುವ ಸಾಲು ಆಕಾಶದಲ್ಲಿ ಒಂದೇ ಉಂಟು, ಮೂವತ್ತಾರು ಸಾವಿರ ಕಿಲೋಮೀಟರು ಮೇಲೆ. ಎಲ್ಲ ದೇಶದವರಿಗೂ ಅದೇ ಸಾಲಿನಲ್ಲಿ ಜಾಗ ಬೇಕು. ನಮ್ಮ ಹೊಸ ಉಪಗ್ರಹ ಇನ್ನೂ ತಯಾರಾಗಿಲ್ಲ. ಖಾಲಿ ಬಿಟ್ಟ ಜಾಗ ಮುಂದಿನ ತಿಂಗಳ ಹತ್ತಕ್ಕೆ ಬೇರೆಯವರದು. ಹಿಂದೆಯೇ ಕಾಯುತ್ತಾ ಇದ್ದಾರೆ."

ದೊಡ್ಡ ದೊಡ್ಡವರಿಗೆ ಇದನ್ನು ತಿಳಿಸಿ ಹೇಳಲು ಅವರಿಗೆ ಎರಡು ತಿಂಗಳು ಹಿಡಿದಿತ್ತಂತೆ. ನಮ್ಮೂರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. "ಅಯ್ಯೋ, ಅಷ್ಟೇನಾ ಸಾರ್" ಅಂದ ದಸ್ತಗೀರ, "ಟವಲು ಹಾಕೋದು ತಾನೆ. ಮೇಲಕ್ಕೆ ಯಾರು ಒಯ್ತಾರೆ?"

ಬೇರೆ ಯಾರದೋ ರಾಕೆಟ್ಟಿನ ಮೂಲೆಯಲ್ಲಿ ಒಂದು ಡಬ್ಬಿಗೆ ಜಾಗ ಸಿಕ್ಕಿದೆ ಅಂತ ಬಾಳಿಗರು ಹೇಳಿದರು. ಇನ್ನೂರು ಗ್ರಾಮಿನ ಒಳಗಿರಬೇಕು. ಟವಲಿನ ಒಡೆಯ ಹೊಸ ಉಪಗ್ರಹ ಹೋಗುವವರೆಗೆ ಕೂರದೆ ಇರಬೇಕು. ಮೂರು ತಿಂಗಳು.

ಮೂರು ತಿಂಗಳು ಯಾರು ನಿಲ್ಲುತ್ತಾರೆ. ಆಗ ಬಾಯಿ ತೆರೆದವನು ನಾನು. ನನ್ನ ಬಾಯಿ ಯಾವಾಗಲೂ ನನ್ನನ್ನು ಕೇಳದೆ ತೆರೆಯುತ್ತದೆ. "ಬರ್ಕೊಳ್ಳಿ ಸಾರ್, ಬೊಮ್ಮಲಿಂಗಪ್ಪ ಅಂತ. ದೇಶಕ್ಕೋಸ್ಕರ ನಿಲ್ತೀನಿ."

"ಬೊಮ್ಮಣ್ಣ, ಮೊನ್ನೆ ಸಾವಿನ ಮನೇಲಿ ಹೆಣ ಎತ್ತೋವರೆಗೂ ನಿಲ್ಲಕ್ಕಾಗ್ದೆ ಅವ್ರ ತುಳಸೀಕಟ್ಟೆ ಮೇಲೆ ಕೂತ್ಕೊಂಡೋನು ನೀನು" ಅಂದ ದಸ್ತಗೀರ.

"ಅದು ಅವ್ರ ಹೆಣ ಕಣಯ್ಯ. ಇದು ದೇಶ."

ಎಲ್ಲರೂ ನಕ್ಕರು. ಆದರೆ ಬೇರೆ ಯಾರೂ ಮುಂದೆ ಬರಲಿಲ್ಲ, ಬಾಳಿಗರು ನನ್ನ ಕೈ ಹಿಡಿದುಕೊಂಡುಬಿಟ್ಟರು, ಹೆಸರು ಬರೆದಾಯಿತು.

ಮನೆಗೆ ಬಂದು ಮಗ್ಗದ ಮುಂದೆ ನಿಂತೆ. "ಚೆನ್ನಿ, ಒಂದು ಹೊಸ ಟವಲು ತೆಗಿ. ಆಕಾಶಕ್ಕೆ ಹೋಗ್ತದೆ." ಅವಳು ಲಾಳಿ ನಿಲ್ಲಿಸಲಿಲ್ಲ. "ಯಾರ್ದು?" ಅಂದಳು. ನನ್ನದು ಅಂದೆ. "ಎಷ್ಟು ದಿನ?" ಮೂರು ತಿಂಗಳು ಅಂದೆ. ಲಾಳಿ ನಿಂತಿತು. ನನ್ನ ಮಂಡಿಗಳನ್ನು ನೋಡಿದಳು, ಮುಖ ನೋಡಿದಳು, ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಾಯಿತು. ನೀಲಿ ಅಂಚಿನ ಟವಲೊಂದನ್ನು ನಾಲ್ಕು ಮಡಿಕೆ ಮಾಡಿ ತಂದುಕೊಟ್ಟಳು. ಅದನ್ನು ಹೋಟೆಲಿನ ಮುಂದೆ ಎಲ್ಲರೆದುರಿಗೆ ಬಿಚ್ಚಿ ಮುಖ ಒರೆಸಿಕೊಂಡೆ. ಬಾಳಿಗರ ಜೊತೆ ಬಂದವರು ಫೋಟೋ ಹೊಡೆದರು. ಟವಲನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಅರಗು ಹಾಕಿ, ಮಗುವಿನ ಹಾಗೆ ಎತ್ತಿಕೊಂಡು ಹೋದರು.

ಎಂಟನೆಯ ತಾರೀಖು ಮಧ್ಯಾಹ್ನ ನಾಲ್ಕು ಗಂಟೆಗೆ ಟವಲು ಜಾಗಕ್ಕೆ ಬೀಳುತ್ತದೆ ಅಂತ ಹೇಳಿಕಳಿಸಿದ್ದರು. ಅವತ್ತು ಬಾಳಿಗರು ತಾವೇ ಬಂದರು. ನನಗೆ ಹಾರ ಹಾಕಿದರು. ಹೋಟೆಲಿನ ಮುಂದೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದರು. ನಾನು ಅದರಲ್ಲಿ ಕೂರಲಾಗದೆ ಮೇಲೇಳುವುದನ್ನು ಎಲ್ಲರೂ ನೋಡಬೇಕಿತ್ತು, ಅದೇ ಅವತ್ತಿನ ಕಾರ್ಯಕ್ರಮ. ನಾನು ಸಣ್ಣದೊಂದು ಭಾಷಣವನ್ನೂ ಮಾಡಿದೆ, ಸಣ್ಣದು ಅಂತ ನನ್ನ ಅಭಿಪ್ರಾಯ. ಬಾಳಿಗರಿಗೆ ಫೋನು ಬಂತು. ಕೇಳಿಸಿಕೊಂಡು, "ಹಾಕಿದರು. ಹಾಸಿಕೊಂಡಿತು" ಅಂದರು. ಜನ ಚಪ್ಪಾಳೆ ತಟ್ಟಿದರು. ನಾನು ಕುರ್ಚಿಯ ಕಡೆ ಬೆನ್ನು ಮಾಡಿ, ಪಂಚೆ ಎತ್ತಿಕೊಂಡು, ಮೆಲ್ಲಗೆ ಬಗ್ಗಿದೆ.

ಕೂತೆ.

ನನಗೇ ಮೊದಲು ತಿಳಿಯಲಿಲ್ಲ. ಕುರ್ಚಿಯ ಕೈ ಹಿಡಿದು ಮೇಲೇಳುವುದನ್ನು ಕಾಯುತ್ತಾ ಕೂತಿದ್ದೆ. ಚಪ್ಪಾಳೆ ಒಂದೊಂದಾಗಿ ನಿಂತಿತು. ದಸ್ತಗೀರ ಹತ್ತಿರ ಬಂದು ಬಗ್ಗಿ ಕುರ್ಚಿಯ ಕೆಳಗೆ ನೋಡಿದ. "ಬೊಮ್ಮಣ್ಣ, ಕೂತಿದ್ದೀಯಾ?"

"ಕೂತಿದ್ದೀನಿ ಕಣೋ."

"ಪೂರ್ತಿ?"

"ಪೂರ್ತಿ."

ಬಾಳಿಗರ ಮುಖ ಸುಣ್ಣದ ಹಾಗಾಯಿತು. ಫೋನಿನಲ್ಲಿ ಏನೇನೋ ಕೇಳಿದರು. ಮೇಲೆ ಎಲ್ಲ ಸರಿಯಾಗಿದೆ, ಟವಲು ಗಟ್ಟಿಯಾಗಿ ಹಿಡಿದಿದೆ ಅಂತಲೇ ಆ ಕಡೆಯಿಂದ ಉತ್ತರ. ಹಿಡಿದಿದೆ ಅಂದರೆ ಯಾರೋ ಕೂರಲಾಗದೆ ಇರಬೇಕು. ಯಾರು. ಅಲ್ಲಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ಕಟ್ಟೆಯ ಮೇಲೆ, ನೆಲದ ಮೇಲೆ ಕೂತು ನೋಡಿಕೊಂಡರು. ಎಲ್ಲರೂ ಕೂತರು. ಅಷ್ಟರಲ್ಲಿ ನಮ್ಮ ಪಕ್ಕದ ಮನೆಯ ಸಿದ್ಲಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. "ಬೊಮ್ಮಣ್ಣಾರೇ, ಮನೀಗ್ ಬನ್ನಿ. ಚೆನ್ನಕ್ಕ ನೇಯ್ತಾ ನೇಯ್ತಾ ಎದ್ದು ನಿಂತವ್ಳೆ. ಕೂರಾಕಾಗ್ತಿಲ್ಲ."

ನಾನು ಹೇಗೆ ಮನೆ ಸೇರಿದೆನೋ. ಹಾರ ಕೊರಳಲ್ಲೇ ಇತ್ತು. ಚೆನ್ನಿ ಮಗ್ಗದ ಗುಂಡಿಯೊಳಗೆ ನಿಂತಿದ್ದಳು. ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿತ್ತು, ನೆಲದಿಂದ ಅರ್ಧ ಹೆಂಗಸು ಎದ್ದು ಬಂದ ಹಾಗೆ. ಕೈಯಲ್ಲಿ ಲಾಳಿ. ಹಿಂದೆ ಬಂದಿದ್ದ ಜನ ಬಾಗಿಲಲ್ಲೇ ನಿಂತರು. ನಮ್ಮೂರಿನಲ್ಲಿ ಹೆಂಗಸಿನ ಟವಲು ಒಂದು ಗೋಣಿಚೀಲದ ಜಾಗವನ್ನೂ ಹಿಡಿದದ್ದು ಯಾರೂ ಕಂಡಿರಲಿಲ್ಲ. ಈಗ ದೇಶದ ಜಾಗ ಹಿಡಿದು ನಿಂತಿದ್ದಳು. ಅವಳೇ ಹೇಳಿದಳು, "ಅನ್ನ ಆಗೈತೆ. ಹಾರ ತೆಗ್ದು ಬಡಿಸ್ಕೊಳ್ಳಿ."

ಆಕಸ್ಮಿಕ ಅಂದುಕೊಂಡೆ ನಾನು. ಟವಲು ತರುವಾಗ ಬೆವರು ಒರೆಸಿಕೊಂಡಿರಬೇಕು, ಮರೆತಿರಬೇಕು. ಮೂರು ತಿಂಗಳು ತಾನೆ. ಬಾಳಿಗರು ಅವಳಿಗೆ ಕೈಮುಗಿದು, ನನ್ನ ಹೆಸರು ಹೊಡೆದು ಅವಳ ಹೆಸರು ಬರೆದುಕೊಂಡು ಹೋದರು. ತಿಂಗಳಾಗುವುದರೊಳಗೆ ಫೋನು ಮಾಡಿ, ಆ ಹಿಂದೆ ಕಾಯುತ್ತಿದ್ದ ದೇಶದವರು ತಮ್ಮ ಉಪಗ್ರಹವನ್ನು ಮೂರು ಸಲ ನಮ್ಮ ಜಾಗಕ್ಕೆ ತಂದರಂತೆ, ಮೂರು ಸಲವೂ ಅದು ಜಾರಿ ಪಕ್ಕಕ್ಕೆ ಹೋಯಿತಂತೆ, ಅವರ ಇಂಜಿನಿಯರುಗಳು ತಲೆ ಚಚ್ಚಿಕೊಳ್ಳುತ್ತಿದ್ದಾರಂತೆ ಅಂತ ನಕ್ಕು ನಕ್ಕು ಹೇಳಿದರು. ನಾನೂ ನಕ್ಕೆ. ಫೋನು ಇಟ್ಟು ನೋಡಿದರೆ ಚೆನ್ನಿ ಗೋಡೆಗೆ ಒರಗಿ, ಒಂದು ಕಾಲು ಎತ್ತಿ, ಇನ್ನೊಂದರ ಮೇಲೆ ಭಾರ ಹಾಕುತ್ತಿದ್ದಳು. ಕೊಕ್ಕರೆಯ ಹಾಗೆ. ಪಾದ ಊದಿತ್ತು.

ಮೂರು ತಿಂಗಳು ಮುಗಿದ ವಾರ ಬಾಳಿಗರು ಬಂದರು. ಜೀಪಿನಿಂದ ಇಳಿಯುವಾಗಲೇ ನನಗೆ ಗೊತ್ತಾಯಿತು. ಹೊಸ ಉಪಗ್ರಹ ಹೊತ್ತ ರಾಕೆಟ್ಟು ಹೊರಟ ತೊಂಬತ್ತನೆಯ ಸೆಕೆಂಡಿಗೆ ಸಮುದ್ರಕ್ಕೆ ಬಿದ್ದಿತ್ತು. ಇನ್ನೊಂದನ್ನು ಮೊದಲಿನಿಂದ ಕಟ್ಟಬೇಕು. ಎಷ್ಟು ದಿನ ಅಂದೆ. ಅವರು ನನ್ನ ಮುಖ ನೋಡಲಿಲ್ಲ. "ನಾಲ್ಕು ವರ್ಷ" ಅಂದರು.

ಅರವತ್ತರ ಹತ್ತಿರ ಬಂದ ಹೆಂಗಸು ನಾಲ್ಕು ವರ್ಷ ಕೂರದೆ ಹೇಗಿರುತ್ತಾಳೆ. ಬೇರೆಯವರ ಟವಲು ಕಳಿಸಿ ಅಂದೆ. ಅವಳು ಬಿಟ್ಟ ಮೇಲೆ ತಾನೆ ಇನ್ನೊಂದು ಹಾಸುವುದು, ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಿಕ್ಕರೂ ಆ ಕಾಯುತ್ತಿರುವವರು ಬಂದು ಕೂರುತ್ತಾರೆ ಅಂದರು. ಚೆನ್ನಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಚಹಾ ತಂದುಕೊಟ್ಟಳು.

ಆಮೇಲಿನ ದಿನಗಳು ಹೇಗಿದ್ದವು ಅಂದರೆ, ಮಗ್ಗದ ಸದ್ದಿಲ್ಲದ ಮನೆಯಲ್ಲಿ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಅವಳು ನಿಂತು ಉಣ್ಣುತ್ತಿದ್ದಳು, ನಾನು ಮಣೆ ಹಾಕಿಕೊಂಡು ಕೂತು ಉಣ್ಣುತ್ತಿದ್ದೆ. ಅದನ್ನೂ ಹೇಳಿಬಿಡುತ್ತೇನೆ. ಕೂತಾಗೆಲ್ಲ ಕದ್ದ ಹಾಗೆ ಅನ್ನಿಸುತ್ತಿತ್ತು. ಮದುವೆಯ ಪಂಕ್ತಿಗಳಲ್ಲಿ ಅವಳು ಕಂಬದ ಹತ್ತಿರ ಎಲೆ ಹಿಡಿದು ನಿಂತರೆ ಜನ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ಕಾಲು ಮುಟ್ಟಿದವರಲ್ಲಿ ಒಬ್ಬರೂ ಕಾಲು ನೋಯುತ್ತದೆಯೇ ಅಂತ ಕೇಳಿದ್ದು ನಾನು ಕಾಣೆ. ನಾನೂ ಕೇಳಿರಲಿಲ್ಲ. ಹೆದರಿಕೆ.

ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಅವಳು ಅಂಗಳದಲ್ಲಿ ನಿಂತು ಮೊರದಲ್ಲಿ ಕಾಳು ಕೇರುತ್ತಿದ್ದಳು. ಮೀನಖಂಡದಲ್ಲಿ ನರ ಹಗ್ಗದ ಹಾಗೆ ಎದ್ದಿತ್ತು.

"ಚೆನ್ನಿ, ಜಾಗ ಬಿಟ್ಟೆ ಅಂದ್ಬಿಡು" ಅಂದೆ. "ದೇಶಕ್ಕೆ ಅದೊಂದೇ ಜಾಗಾನಾ. ಹೋಗ್ಲಿ ಅತ್ಲಾಗೆ. ಒಂದು ಮಾತು."

"ನಿಲ್ತೀನಿ ಅಂತ ಹಾರ ಹಾಕಿಸ್ಕೊಂಡೋರು ನೀವು."

"ನನ್ನ ಟವಲು ಅಂದ್ಕೊಂಡಿದ್ನಲ್ಲೇ. ನೀನು ಮರ್ತು ಒರೆಸ್ಕೊಂಡಿದ್ದೆ ಅಂತ ನನಗೇನು ಗೊತ್ತು?"

ಮೊರ ನಿಂತಿತು. "ಮರ್ತು?" ಅಂದಳು. "ಹಿತ್ಲಿಗೆ ಹೋಗಿ ಮುಖ ತೊಳ್ಕೊಂಡು, ಬೇಕಂತ್ಲೇ ಒರೆಸ್ಕೊಂಡೆ. ಎರಡು ಸಲ ಒರೆಸ್ಕೊಂಡೆ."

ನಾನು ಅಲ್ಲೇ ಕಟ್ಟೆಯ ಮೇಲೆ ಕುಸಿದೆ. ಕೂತೆ ಅಂತ ಆಮೇಲೆ ಗೊತ್ತಾಗಿ ಎದ್ದೆ.

"ನೀವು ನಾಲ್ಕು ದಿನ ನಿಲ್ತಿರ್ಲಿಲ್ಲ, ಐದನೇ ದಿನ ಬಿಟ್ಟೆ ಅಂತಿದ್ರಿ, ಅದು ಊರಿಗೇ ಗೊತ್ತು. ಆದ್ರೆ ಅದಕ್ಕಲ್ಲ ನಾನು ಒರೆಸ್ಕೊಂಡಿದ್ದು. ಈ ಮಗ್ಗ ಯಾರ್ದು?"

"ನಮ್ಮಪ್ಪಂದು."

"ಈ ಮನೆ?"

"ಅದೂ ಅಪ್ಪಂದೇ. ಈಗ ನಂದು."

"ನಲ್ವತ್ತೊಂದು ವರ್ಷ ನೇಯ್ದಿದೀನಿ. ಊರ್ನಲ್ಲಿ ಯಾರ್ಯಾರು ಎಲ್ಲೆಲ್ಲಿ ಜಾಗ ಹಿಡಿದವ್ರೆ, ಎಲ್ಲ ನಾನು ನೇಯ್ದಿದ್ದು. ನನ್ನ ಒಂದು ಟವಲು ಎಲ್ಲಾದ್ರೂ ಬಿದ್ದಿದ್ದು ನೋಡಿದ್ರಾ? ಬಸ್ಸು ಹತ್ತಿದ್ರೆ ನೀವು ಕಿಟಕಿ ಪಕ್ಕ, ನಾನು ಎಂಜಿನ್ ಪೆಟ್ಟಿಗೆ ಮೇಲೆ. ಅವತ್ತು ನೀವು ಬಂದು ಆಕಾಶದಾಗೆ ಒಂದು ಜಾಗ ಐತೆ ಅಂದ್ರಿ. ಒಂದಾದ್ರೂ ನಂದಾಗ್ಲಿ ಅನ್ನಿಸ್ತು." ಮತ್ತೆ ಕೇರತೊಡಗಿದಳು. "ಬಿಡಲ್ಲ. ಇನ್ನೊಂದ್ಸಲ ಕೇಳ್ಬೇಡಿ."

ನಾನು ಕೇಳಲಿಲ್ಲ. ಆ ವಾರವೇ ಅವಳು ಸಿದ್ಲಿಂಗಮ್ಮನನ್ನೂ ಇನ್ನು ನಾಲ್ಕು ಜನ ಹೆಂಗಸರನ್ನೂ ಕರೆಸಿ ಮಗ್ಗದ ಗುಂಡಿಗೆ ಮಣ್ಣು ತುಂಬಿಸಿದಳು. ನಮ್ಮ ಅಜ್ಜ ತೋಡಿದ ಗುಂಡಿ. ನನ್ನ ಕಣ್ಣೆದುರಿಗೇ ಮುಚ್ಚಿಹೋಯಿತು, ನಾನು ಬೇಡ ಅನ್ನಲಿಲ್ಲ. ಮಗ್ಗದ ಕಾಲುಗಳ ಕೆಳಗೆ ಚಪ್ಪಡಿ ಕಲ್ಲು ಪೇರಿಸಿ ಎದೆಯೆತ್ತರಕ್ಕೆ ಎತ್ತಿಸಿದಳು. ನಿಂತುಕೊಂಡು ಒಂದು ಕಾಲಲ್ಲಿ ಭಾರ ಹೊತ್ತು ಇನ್ನೊಂದು ಕಾಲಲ್ಲಿ ತುಳಿಯುವುದು. ಮೊದಮೊದಲು ದಿನಕ್ಕೆ ಒಂದು ಗೇಣು ನೇಯುತ್ತಿದ್ದಳು, ಮೈ ನಡುಗುತ್ತಿತ್ತು. ವರ್ಷ ಕಳೆಯುವುದರೊಳಗೆ ಹಳೆಯ ಸದ್ದು ವಾಪಸು ಬಂತು. ಆದರೆ ಎರಡನೆಯ ವರ್ಷಕ್ಕೆ ಒಂದು ಪಾದ ಬಣ್ಣ ತಿರುಗಿತು. ಮೂರನೆಯ ವರ್ಷ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ವರ್ಷ ಹೀಗೇ ಆದರೆ ಕಾಲು ಉಳಿಯುವುದಿಲ್ಲ ಅಂದರು. ಅವಳಿಗೆ ಹೇಳಿದೆ. "ಕೇಳಿಸ್ತು" ಅಂದಳು.

ನಾಲ್ಕನೆಯ ವರ್ಷದ ಕೊನೆಗೆ ಹೊಸ ಉಪಗ್ರಹ ಸುರಕ್ಷಿತವಾಗಿ ಮೇಲೆ ಹೋಯಿತು. ಮೂರನೆಯ ದಿನ ಬಾಳಿಗರು ಧೂಳೆಬ್ಬಿಸಿಕೊಂಡು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಉಪಗ್ರಹ ಜಾಗದ ಅಂಚಿಗೆ ಬಂದು ನಿಂತಿದೆ, ಒಳಗೆ ಹೋಗಲಾಗುತ್ತಿಲ್ಲ, ಪಕ್ಕಕ್ಕೆ ಜಾರದೆ ನಿಲ್ಲಲು ದಿನದಿನವೂ ಇಂಧನ ಸುಡುತ್ತಿದೆ. ನಮ್ಮ ಅಂಗಳದಲ್ಲಿ ಊರೆಲ್ಲ ನೆರೆಯಿತು. ಚೆನ್ನಿ ಮಗ್ಗದ ಮುಂದೆ ನಿಂತಿದ್ದಳು, ನೂಲು ಕಟ್ಟುತ್ತಿದ್ದಳು. ಬಾಳಿಗರು ಫೋನಿನ ಸ್ಪೀಕರು ಹಾಕಿ ಮಗ್ಗದ ಮೇಲಿಟ್ಟರು. ಆ ಕಡೆ ಆಫೀಸಿನವರು ಕಾಯುತ್ತಿದ್ದರು.

"ಅಮ್ಮಾ, ಒಂದು ಮಾತು. ಜಾಗ ಬಿಟ್ಟೆ ಅಂತ ಹೇಳಿಬಿಡಿ. ನೀವೂ ಕೂರಬಹುದು, ಅದೂ ಕೂತೀತು."

"ಯಾಕೆ ಬಿಡ್ಲಿ?"

ದಸ್ತಗೀರ ತಲೆಯ ಮೇಲೆ ಕೈ ಇಟ್ಟುಕೊಂಡ. ಬಾಳಿಗರು ಅಳುವ ಹಾಗಾದರು. "ಸಮುದ್ರದಲ್ಲಿ ದೋಣಿಯವರು ಇದ್ದಾರಮ್ಮ. ಗಾಳಿ ಬರ್ತದೆ ಅಂತ ಹೇಳುವವರಿಲ್ಲದೆ ನಾಲ್ಕು ವರ್ಷ ಆಯಿತು. ನನ್ನ ಭಾವನೇ ಹೋದ, ಕಳೆದ ಮಳೆಗಾಲದಲ್ಲಿ."

ಅವಳ ಕೈ ನೂಲಿನ ಮೇಲೆ ನಿಂತಿತು. ಅವರ ಕಡೆ ತಿರುಗಿದಳು. ನಾಲ್ಕು ವರ್ಷದಲ್ಲಿ ಈ ಮನುಷ್ಯ ಈ ಮಾತು ಹೇಳಿರಲಿಲ್ಲ.

"ಆ ಹೊಸದು ಎಷ್ಟು ದೊಡ್ಡದೈತೆ?" ಅಂದಳು.

"ಒಂದು ಲಾರಿಯಷ್ಟು."

"ಜಾಗ?"

"ಹೇಗೆ ಹೇಳುವುದು... ಆ ಕಡೆ ಎಪ್ಪತ್ತು ಕಿಲೋಮೀಟರು, ಈ ಕಡೆ ಎಪ್ಪತ್ತು."

"ಅಷ್ಟು ಜಾಗದಾಗೆ ಒಂದು ಟವಲು, ಒಂದು ಲಾರಿ ಹಿಡಿಯಲ್ವಾ?" ಅಂದಳು ಚೆನ್ನಿ. "ಅದು ಬರ್ಲಾ ಅಂತ ಕೇಳಿದ್ರೆ, ನಾನು ಸರ್ಕೋತೀನಿ."

ನಿಮಗೆ ಇದು ದೊಡ್ಡ ಮಾತು ಅನ್ನಿಸದಿರಬಹುದು. ನಮ್ಮೂರಿನಲ್ಲಿ ಸರಿದು ಕೂರುವುದು ಅಂತ ಒಂದು ಇರಲಿಲ್ಲ. ಮೂವರ ಬೆಂಚಿಗೆ ಒಂದು ಟವಲು ಬಿದ್ದರೆ ಬೆಂಚು ಅವನದು, ಅವನು ಬಂದರೆ ಕೂರುತ್ತಾನೆ, ಬಾರದಿದ್ದರೆ ಬಿಡುತ್ತಾನೆ. ಈ ಎರಡರ ನಡುವೆ ಇನ್ನೊಂದು ಮಾತು ಇರಬಹುದು ಅಂತ ನಮ್ಮ ಏಳು ತಲೆಮಾರಿನ ಗಂಡಸರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಹಾಗೆ ಮಾಡಿದರೆ ಏನಾಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಬಾಳಿಗರು ಫೋನಿಗೆ ಬಗ್ಗಿದರು. "ಕೇಳಿ" ಅಂದರು. ಆ ಕಡೆ ಗುಸುಗುಸು. ಆಮೇಲೆ ಯಾರೋ ಒಬ್ಬ ಹುಡುಗಿಯ ದನಿ, ಸಣ್ಣಗೆ, ಬಹಳ ಓದಿಕೊಂಡವಳ ದನಿ ಕೇಳಿತು. "ಅಮ್ಮಾ, ನಾವು ಬರಬಹುದಾ?"

"ಬನ್ನಿ ತಾಯಿ" ಅಂದಳು ಚೆನ್ನಿ. ನಿಂತಲ್ಲೇ ಸೊಂಟವನ್ನು ಒಂದು ಗೇಣು ಎಡಕ್ಕೆ ಸರಿಸಿದಳು. ಪಕ್ಕದಲ್ಲಿ ಯಾರಿಗೋ ಜಾಗ ಮಾಡಿಕೊಟ್ಟ ಹಾಗೆ, ಸೆರಗನ್ನೂ ಎಳೆದುಕೊಂಡಳು.

ಫೋನಿನಲ್ಲಿ ಏನೂ ಕೇಳಲಿಲ್ಲ. ಆಮೇಲೆ ಅದೇ ಹುಡುಗಿ, "ಒಳಗೆ ಬಂದೆವು. ನಿಂತಿತು. ಪಕ್ಕದಲ್ಲಿ ಟವಲೂ ಇದೆ" ಅಂದಳು. ಬಾಳಿಗರು ಕನ್ನಡಕ ತೆಗೆದು ಮುಖ ಮುಚ್ಚಿಕೊಂಡರು. ನಾನು ಚೆನ್ನಿಯ ಕಡೆ ತಿರುಗಿದೆ, ಅವಳು ಕಾಣಲಿಲ್ಲ. ಎಲ್ಲಿ ಹೋದಳು ಅಂತ ನೋಡಿದರೆ ಕೆಳಗಿದ್ದಳು. ಮಗ್ಗದ ಚಪ್ಪಡಿಯ ಮೇಲೆ ಕೂತಿದ್ದಳು. ಎರಡು ಕೈಯನ್ನೂ ಕಲ್ಲಿಗೆ ಊರಿ, ಬಾಯಿ ತೆರೆದು, ತನ್ನ ತೊಡೆಗಳನ್ನು ತಾನೇ ನೋಡಿಕೊಳ್ಳುತ್ತಿದ್ದಳು.

ಜಾಗ ಬಿಟ್ಟಿರಲಿಲ್ಲ. ಮೇಲಿನ ಟವಲು ಹಾಗೇ ಇತ್ತು. ಆದರೂ ಕೂತಿದ್ದಳು. ಗಂಡಸರೆಲ್ಲ ಕಲ್ಲಿನ ಹಾಗೆ ನಿಂತಿದ್ದೆವು. ಸಿದ್ಲಿಂಗಮ್ಮ ಮಾತ್ರ ಮೂಗಿನ ಮೇಲೆ ಬೆರಳಿಟ್ಟು, "ಇದ್ರಲ್ಲೇನೈತೆ, ಸರ್ಕೊಂಡೋಳು ಅಂದ್ರೆ ಅಲ್ಲಿ ಕೂತಿರೋಳು ತಾನೆ. ತನ್ನ ಜಾಗದಾಗೆ ಕೂತ್ಮೇಲೆ ಎಲ್ಲಾದ್ರೂ ಕೂರ್ಬೋದು" ಅಂದು, ಅಡುಗೆಮನೆಗೆ ಹೋಗಿ ಅವಳ ಕಾಲಿಗೆ ಬಿಸಿನೀರು ಇಟ್ಟಳು.

ಎಲ್ಲರೂ ಹೋದ ಮೇಲೆ, ಇನ್ನೂ ಬಿಸಿಲಿತ್ತು, ಚೆನ್ನಿ ಜಗಲಿಗೆ ಬಂದು ಕೂತಳು. ಒಂದು ಮೂಲೆಯಲ್ಲಲ್ಲ, ಸರಿಯಾಗಿ ನಡುವೆ. ಕಾಲು ಇಳಿಬಿಟ್ಟು ಮೆಲ್ಲಗೆ ಆಡಿಸುತ್ತಿದ್ದಳು. ನಾನು ನನ್ನ ಜನ್ಮದಲ್ಲಿ ಮೊದಲ ಸಲ ಚಹಾ ಮಾಡಿದೆ, ಸಕ್ಕರೆ ಹೆಚ್ಚಾಯಿತು, ಎರಡು ಲೋಟಕ್ಕೆ ಬಗ್ಗಿಸಿಕೊಂಡು ಬಂದೆ. ಪಕ್ಕದಲ್ಲಿ ಕೂರಲು ಬಗ್ಗಿದೆ. ಅವಳು ಅಲ್ಲಾಡಲಿಲ್ಲ.

"ಮೂವತ್ತಾರು ಸಾವಿರ ಕಿಲೋಮೀಟರು ಮೇಲೆ ಲಾರಿಗೆ ಸರ್ಕೊಂಡೆ" ಅಂದೆ. "ಕಟ್ಕೊಂಡ ಗಂಡನಿಗೆ ಸರ್ಕೊಳಲ್ವಾ?"

"ಅದು ಕೇಳ್ಕೊಂಡು ಬಂತು" ಅಂದಳು.

ನಾನು ಬಗ್ಗಿದವನು ಬಗ್ಗಿದ ಹಾಗೇ ನಿಂತೆ. ಈ ಬಾಯಿಂದ ನಾನು ಎಷ್ಟು ಮಾತಾಡಿದ್ದೇನೆ ಅಂತ ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿದೆ. ಸಂತೆಯಲ್ಲಿ ಆಡಿದ್ದೇನೆ, ಪಂಚಾಯಿತಿಯಲ್ಲಿ ಆಡಿದ್ದೇನೆ, ದೇಶದ ಪರವಾಗಿ ಆಡಿದ್ದೇನೆ. ನಲವತ್ತೈದು ವರ್ಷದಲ್ಲಿ ಆ ಒಂದು ಮಾತನ್ನು ಅವಳ ಹತ್ತಿರ ಒಂದು ಸಲವೂ ಆಡಿರಲಿಲ್ಲ. ಹುಡುಕಿದರೂ ನಾಲಗೆಗೆ ಸಿಗಲಿಲ್ಲ. ಲೋಟದ ಬಿಸಿಗೆ ಬೆರಳು ಸುಡುತ್ತಿತ್ತು. ಎದುರು ಮನೆಯವರು ನೋಡುತ್ತಿದ್ದರು.

"ಕೂತ್ಕೊಳ್ಳಾ?" ಅಂದೆ.

ಚೆನ್ನಿ ನನ್ನ ಕೈಯಿಂದ ಒಂದು ಲೋಟ ತೆಗೆದುಕೊಂಡಳು. ಒಂದು ಗುಟುಕು ಕುಡಿದು, ಸಕ್ಕರೆಗೆ ಮುಖ ಕಿವಿಚಿ, ಬೀದಿಯ ಕಡೆ ನೋಡಿದಳು.

"ಯೋಚ್ನೆ ಮಾಡಿ ಹೇಳ್ತೀನಿ" ಅಂದಳು.

ನಾನು ಲೋಟ ಹಿಡಿದುಕೊಂಡು ನಿಂತೆ.